ತಲೆಯ ಮೇಲಿನ ಗಂಟು, ಅಮ್ಮನ ಹಣೆಯ ಗೆರೆ

ಇವತ್ತು ರಾಜಕೀಯ ಬೇಡ. ಇವತ್ತು ತಲೆಯ ಬಗ್ಗೆ ಮಾತಾಡೋಣ. ಯಾರ ತಲೆಯೊಳಗೆ ಏನಿದೆ ಅನ್ನೋದನ್ನ ನಾವು ದಿನಾ ಚರ್ಚೆ ಮಾಡ್ತೀವಿ. ಇವತ್ತಿನ ವಿಷಯ ತಲೆಯ ಮೇಲಿನದು. ಅಲ್ಲಿ ಏನು ಬೆಳೀತಾ ಇದೆ, ಅಲ್ಲಿಂದ ಏನು ಉದುರ್ತಾ ಇದೆ, ಇವೆರಡರಲ್ಲಿ ಯಾವುದಕ್ಕೆ ಹೆದರಬೇಕು?

ಇದು ಶುರುವಾಗಿದ್ದು ನಮ್ಮ ಮೇಕಪ್ ರೂಮಿನಲ್ಲಿ. ರಾತ್ರಿ ಒಂಬತ್ತರ ಬುಲೆಟಿನ್‌ಗೆ ಇನ್ನು ಇಪ್ಪತ್ತು ನಿಮಿಷ ಇತ್ತು. ತಲೆ ಬಾಚುತ್ತಿದ್ದ ಮೇಕಪ್ ಹುಡುಗನ ಕೈ ಇದ್ದಕ್ಕಿದ್ದಂತೆ ನಿಂತಿತು. "ಸರ್, ಇಲ್ಲೊಂದು ಗಂಟಿದೆ. ನಿಮಗೆ ಗೊತ್ತಾ?" ನನಗೆ ಗೊತ್ತಿರಲಿಲ್ಲ. ಬೆರಳಿಟ್ಟು ನೋಡಿದೆ. ನೆತ್ತಿಯಿಂದ ಸ್ವಲ್ಪ ಹಿಂದೆ, ಬಟಾಣಿ ಕಾಳಿಗಿಂತ ತುಸು ದೊಡ್ಡದು. ಒತ್ತಿದರೆ ನೋವಿಲ್ಲ. ಅದರ ಮೇಲೆ ಕೂದಲು ತೆಳ್ಳಗಿತ್ತು. ಹುಡುಗ ಹಿಂಜರಿಯುತ್ತಲೇ ಇನ್ನೊಂದು ಮಾತು ಸೇರಿಸಿದ. "ಮುಂದೆ ಕೂಡ ಕಮ್ಮಿ ಆಗ್ತಿದೆ ಸರ್. ಆರು ತಿಂಗಳಿಂದ ಕಪ್ಪು ಪೌಡರ್ ಹಾಕಿ ಮುಚ್ಚುತ್ತಾ ಇದ್ದೀನಿ. ಬೇಜಾರಾಗ್ತೀರಿ ಅಂತ ಹೇಳಿರಲಿಲ್ಲ."

ಅವತ್ತು ಬುಲೆಟಿನ್‌ನಲ್ಲಿ ಏನು ಓದಿದೆನೋ ನೆನಪಿಲ್ಲ. ಮನೆಗೆ ಹೋದವನು ಊಟ ಬಿಟ್ಟು ಮೊಬೈಲ್ ಹಿಡಿದು ಕೂತೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ ನನಗೆ ಕ್ಯಾನ್ಸರ್ ಅಂತ ನಾನೇ ತೀರ್ಮಾನ ಮಾಡಿಯಾಗಿತ್ತು. ಮೂರು ಗಂಟೆಗೆ ಯಾವುದೋ ಹೇರ್ ಟ್ರಾನ್ಸ್‌ಪ್ಲಾಂಟ್ ಜಾಹೀರಾತಿಗೆ ಫೋನ್ ನಂಬರ್ ಕೊಟ್ಟಿದ್ದೆ. ಬೆಳಗ್ಗೆ ಕರೆ ಬಂತು. "ಸರ್, ನಿಮಗೆ ಮೂರು ಸಾವಿರ ಗ್ರಾಫ್ಟ್ ಬೇಕಾಗುತ್ತೆ. ಈ ತಿಂಗಳು ಆಫರ್ ಇದೆ." ನನ್ನ ತಲೆಯನ್ನು ಅವರು ನೋಡೇ ಇರಲಿಲ್ಲ!

ನಾನು ಓದಿದ್ದು ಇಂಜಿನಿಯರಿಂಗ್. ಅದರಲ್ಲಿ ಕಲಿತಿದ್ದು ಬಹಳ ಮರೆತಿದ್ದೀನಿ, ಆದರೆ ಒಂದು ಪಾಠ ಮರೆತಿಲ್ಲ. ಬಲ್ಬ್ ಉರೀತಿಲ್ಲ ಅಂದ್ರೆ ಬಲ್ಬೇ ಹೋಗಿದೆ ಅಂತ ಅಲ್ಲ. ಸ್ವಿಚ್ ಹೋಗಿರಬಹುದು, ಫ್ಯೂಸ್ ಹೋಗಿರಬಹುದು, ವೈರ್ ಕಡಿದಿರಬಹುದು, ಇಡೀ ಬೀದಿಗೇ ಕರೆಂಟ್ ಇಲ್ಲದಿರಬಹುದು. ಕಾರಣ ನೋಡದೆ ಹೊಸ ಬಲ್ಬ್ ತಂದು ಹಾಕುವವನನ್ನು ನಾವು ಏನಂತೀವಿ? ಕೂದಲು ಉದುರುತ್ತೆ ಅಂದ ಕೂಡಲೇ ಎಣ್ಣೆ, ಶಾಂಪೂ, ಬಯೋಟಿನ್ ಗುಳಿಗೆ ಕೊಳ್ಳುವ ನಾವೆಲ್ಲ ಮಾಡೋದು ಅದನ್ನೇ. ಕೂದಲು ಉದುರುವುದು ಒಂದು ಲಕ್ಷಣ ಮಾತ್ರ. ಕಾಯಿಲೆ ಯಾವುದು ಅಂತ ಹುಡುಕುವ ಕೆಲಸ ಅಲ್ಲಿಂದ ಶುರುವಾಗಬೇಕು.

ಕೊನೆಗೆ ಚರ್ಮರೋಗ ತಜ್ಞೆಯೊಬ್ಬರ ಹತ್ತಿರ ಹೋದೆ. ಅವರು ಮೊದಲು ಗಂಟನ್ನು ನೋಡಿದರು. ಎರಡು ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ಜರುಗಿಸಿದರು. ನುಣುಪಾಗಿದೆಯಾ, ಜಾರುತ್ತಾ, ಮೇಲೆ ಸಣ್ಣ ಕಪ್ಪು ರಂಧ್ರ ಇದೆಯಾ, ಎಲ್ಲ ಪರೀಕ್ಷಿಸಿದರು. ಆಮೇಲೆ ಕೇಳಿದರು, "ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ತಲೇಲಿ ಹೀಗೆ ಗಂಟು ಇದೆಯಾ?" ನನಗೆ ಗೊತ್ತಿಲ್ಲ ಅಂದೆ. "ಕೇಳಿ ನೋಡಿ, ಬಹಳ ಸಲ ಇರುತ್ತೆ" ಅಂದರು.

ಅಲ್ಲೇ ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಇರೋದು ತಿಪಟೂರಿನ ಹತ್ತಿರದ ನಮ್ಮೂರಲ್ಲಿ. "ಅದಕ್ಕೆ ಯಾಕೋ ಹೆದರ್ತೀಯ? ನಮ್ಮಮ್ಮನ ತಲೇಲಿ ಮೂರಿತ್ತು. ಬಾಚಣಿಗೆ ತಗುಲಿದ್ರೆ ಬೈಯೋಳು. ನನಗೂ ಎರಡಿದೆ." "ಮತ್ತೆ ಯಾಕಮ್ಮ ಹೇಳಲಿಲ್ಲ?" ಅಂದೆ. "ನೀನು ಯಾವತ್ತು ಕೇಳಿದ್ದೆ?" ಅಂದಳು. ದಿನಾ ಸಚಿವರಿಗೆ, ಅಧಿಕಾರಿಗಳಿಗೆ ಪ್ರಶ್ನೆ ಕೇಳುವವನ ಬಾಯಿ ಅಲ್ಲಿ ಕಟ್ಟಿಹೋಯಿತು.

ಈ ಗಂಟಿನ ಹೆಸರು ಪೈಲಾರ್ ಸಿಸ್ಟ್. ಪ್ರತಿ ಕೂದಲಿನ ಬುಡದ ಸುತ್ತ ಒಂದು ಹೊರಕವಚ ಇರುತ್ತೆ. ಅದರ ಜೀವಕೋಶಗಳು ಚರ್ಮದ ಕೆಳಗೆ ಒಂದು ಚೀಲ ಕಟ್ಟಿಕೊಳ್ಳುತ್ತವೆ. ಚೀಲದೊಳಗೆ ಕೆರಾಟಿನ್ ತುಂಬುತ್ತಾ ಹೋಗುತ್ತೆ. ಕೂದಲು, ಉಗುರು ಆಗಿರುವುದೂ ಇದೇ ಪ್ರೋಟೀನಿನಿಂದ. ಇಂಥ ಹತ್ತು ಗಂಟುಗಳಲ್ಲಿ ಸುಮಾರು ಒಂಬತ್ತು ಬರುವುದು ತಲೆಯ ಮೇಲೆಯೇ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಒಂದೇ ತಲೆಯಲ್ಲಿ ಎರಡು ಮೂರು ಇರುವುದೂ ಮಾಮೂಲು. ಬಹಳ ಮನೆಗಳಲ್ಲಿ ಇದು ವಂಶದಲ್ಲೇ ಹರಿದುಬರುತ್ತೆ. ದೊಡ್ಡದಾದಾಗ ಮೇಲಿನ ಚರ್ಮವನ್ನು ಎಳೆದು, ಒತ್ತಿ, ಅಲ್ಲಿನ ಕೂದಲು ತೆಳ್ಳಗಾಗುತ್ತೆ. ನನ್ನ ಗಂಟಿನ ಮೇಲೆ ಆಗಿದ್ದು ಅಷ್ಟೇ.

ಇದಕ್ಕೆ ಚಿಕಿತ್ಸೆ ಬೇಕೇ ಬೇಕು ಅಂತಿಲ್ಲ. ತೊಂದರೆ ಕೊಡದಿದ್ದರೆ ಬಿಡಬಹುದು. ಬಾಚಣಿಗೆಗೆ ಸಿಗುತ್ತೆ, ಹೆಲ್ಮೆಟ್ ಒತ್ತುತ್ತೆ, ನೋವು ಬಂತು ಅಂದ್ರೆ ಅಲ್ಲಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೆಗೆಯುತ್ತಾರೆ. ತೆಗೆಯುವಾಗ ಚೀಲ ಸಮೇತ ತೆಗೀಬೇಕು. ಒಳಗಿನದನ್ನು ಮಾತ್ರ ಹಿಂಡಿ ಚೀಲ ಬಿಟ್ಟರೆ ಅದು ಮತ್ತೆ ತುಂಬಿಕೊಳ್ಳುತ್ತೆ. ಅದಕ್ಕೇ ಮನೆಯಲ್ಲಿ ಸೂಜಿ ಚುಚ್ಚೋದು, ಹಿಂಡೋದು ಮಾಡಲೇಬೇಡಿ. ಕೀವಾಗಿ ಕೆಂಪಾಗಿ ಊದಿಕೊಂಡರೆ ಆಮೇಲೆ ತೆಗೆಯೋದು ಇನ್ನೂ ಕಷ್ಟ.

ತಲೆಯ ಮೇಲಿನ ಗಂಟೆಲ್ಲ ಇದೇ ಅಲ್ಲ. ಮೆತ್ತಗೆ ಹಿಟ್ಟಿನ ಮುದ್ದೆಯ ಹಾಗಿದ್ದರೆ ಅದು ಕೊಬ್ಬಿನ ಗಡ್ಡೆ, ಲಿಪೋಮಾ ಆಗಿರಬಹುದು. ವಯಸ್ಸಾದವರಲ್ಲಿ ಕಂದು ಬಣ್ಣದ, ಮೇಣ ಅಂಟಿಸಿದಂತೆ ಕಾಣುವ ಒರಟು ಮಚ್ಚೆ ಬರುತ್ತೆ, ಅದು ಸೆಬೊರಿಕ್ ಕೆರಟೋಸಿಸ್. ಹುಟ್ಟಿದಾಗಿನಿಂದ ಮಗುವಿನ ತಲೆಯಲ್ಲಿ ಕೂದಲೇ ಬಾರದ ಹಳದಿ ಬಣ್ಣದ ಪಟ್ಟಿ ಇದ್ದರೆ ಅದು ನೀವಸ್ ಸೆಬೇಶಿಯಸ್ ಇರಬಹುದು. ಹರೆಯಕ್ಕೆ ಬಂದಾಗ ಅದು ದಪ್ಪಗಾಗಿ ನರುಲಿಯ ಹಾಗಾಗುತ್ತೆ. ಇವು ಯಾವುವೂ ಕ್ಯಾನ್ಸರ್ ಅಲ್ಲ. ಆದರೂ ಅವು ಇವೇ ಅಂತ ಹೇಳಬೇಕಾದವರು ವೈದ್ಯರು, ಮೊಬೈಲ್ ಅಲ್ಲ.

ಹಾಗಾದ್ರೆ ಯಾವುದಕ್ಕೆ ಹೆದರಬೇಕು? ಕೆಲವೇ ವಾರಗಳಲ್ಲಿ ಬೇಗ ಬೇಗ ಬೆಳೆಯುವ ಗಂಟು. ಹುಣ್ಣಾಗಿ ವಾಸಿಯಾಗದ್ದು. ಮುಟ್ಟಿದರೆ ರಕ್ತ ಬರುವಂಥದ್ದು. ಕಲ್ಲಿನ ಹಾಗೆ ಗಟ್ಟಿಯಾಗಿ ಅಲ್ಲಾಡದೆ ಕೂತಿರುವುದು. ಬಣ್ಣ ಬದಲಿಸುವ ಮಚ್ಚೆ. ಇವಿದ್ದರೆ ತಡ ಮಾಡಬೇಡಿ. ಯಾವುದೇ ಗಂಟು ತೆಗೆಸಿದರೂ ಅದನ್ನು ಲ್ಯಾಬಿಗೆ ಕಳಿಸಿ ಅಂತ ಕೇಳಿ.

ಮಕ್ಕಳ ವಿಷಯದಲ್ಲಿ ಎರಡು ಮಾತು. ಚಿಕ್ಕ ಮಗುವಿನ ತಲೆಯ ನಟ್ಟ ನಡುಗೆರೆಯಲ್ಲಿ ಹುಟ್ಟಿನಿಂದ ಗಂಟಿದ್ದರೆ, ಸ್ಕ್ಯಾನ್ ಮಾಡಿಸದೆ ಯಾರೂ ಅದಕ್ಕೆ ಕತ್ತರಿ ಹಾಕಬಾರದು. ಅಂಥದ್ದು ಕೆಲವೊಮ್ಮೆ ತಲೆಬುರುಡೆಯ ಒಳಗಿನವರೆಗೂ ಹೋಗಿರುತ್ತೆ. ಇನ್ನೊಂದು, ಶಾಲೆಗೆ ಹೋಗುವ ಮಗುವಿನ ತಲೆಯಲ್ಲಿ ಮೆತ್ತಗೆ ಊದಿಕೊಂಡು, ಕೀವು ಸೋರಿ, ಅಲ್ಲಿನ ಕೂದಲು ಕಿತ್ತು ಬರುತ್ತಿದ್ದರೆ ಅದು ಕುರು ಅಂದುಕೊಂಡು ಕೊಯ್ಯಿಸಬೇಡಿ. ಅದು ಫಂಗಸ್‌ನಿಂದ ಬರುವ ಕೆರಿಯಾನ್ ಇರಬಹುದು. ಅದಕ್ಕೆ ಬೇಕಾಗಿರೋದು ವಾರಗಟ್ಟಲೆ ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿ. ಬರೀ ಮುಲಾಮಿಗೆ ಅದು ಹೋಗಲ್ಲ. ತಡವಾದರೆ ಅಲ್ಲಿ ಕೂದಲು ಶಾಶ್ವತವಾಗಿ ಬರದೇ ಹೋಗಬಹುದು.

ಸರಿ, ಗಂಟು ಮುಗೀತು. ಉದುರುವ ಕೂದಲಿಗೆ ಬರೋಣ.

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತವೆ. ಒಂದೊಂದೂ 2ರಿಂದ 6 ವರ್ಷ ಬೆಳೆಯುತ್ತೆ, ತಿಂಗಳಿಗೆ ಹತ್ತಿರ ಹತ್ತಿರ 1 ಸೆಂಟಿಮೀಟರ್. ಆಮೇಲೆ ಬೆಳವಣಿಗೆ ನಿಲ್ಲಿಸಿ, ಸುಮಾರು 3 ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತೆ. ಅದೇ ಜಾಗದಲ್ಲಿ ಹೊಸದು ಬರುತ್ತೆ. ಹಾಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ರೋಗವಲ್ಲ. ಬಾತ್‌ರೂಮಿನ ಜಾಲರಿಯಲ್ಲಿ ಕೂದಲು ಕಂಡ ತಕ್ಷಣ ಕೂಗಿಕೊಳ್ಳಬೇಡಿ.

ಆ 3 ತಿಂಗಳು ಅನ್ನೋ ಲೆಕ್ಕ ನೆನಪಿಟ್ಟುಕೊಳ್ಳಿ. ಬಹಳ ಜನರ ಸಮಸ್ಯೆಯ ಉತ್ತರ ಅದರಲ್ಲೇ ಇದೆ. ಡೆಂಗಿ, ಟೈಫಾಯ್ಡ್, ಕೋವಿಡ್ ಥರದ ಜೋರು ಜ್ವರ, ಹೆರಿಗೆ, ಆಪರೇಷನ್, ಅನ್ನ ಬಿಟ್ಟು ಮಾಡಿದ ಡಯಟ್, ಮನೆಯಲ್ಲೊಂದು ಸಾವು. ಇಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಎಷ್ಟೋ ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗಿಬಿಡುತ್ತವೆ. ಎರಡು ಮೂರು ತಿಂಗಳಾದ ಮೇಲೆ ಹಿಡಿ ಹಿಡಿಯಾಗಿ ಬರುತ್ತವೆ. ಅಷ್ಟರಲ್ಲಿ ಜ್ವರ ಮರೆತುಹೋಗಿರುತ್ತೆ. ನಾವು ಹೋದ ವಾರ ಬದಲಿಸಿದ ಶಾಂಪೂನ ಬೈತೀವಿ, ಇಲ್ಲ ಬೆಂಗಳೂರಿನ ಬೋರ್‌ವೆಲ್ ನೀರನ್ನ ಬೈತೀವಿ. ಗಡಸು ನೀರಿಂದ ಕೂದಲು ಒರಟಾಗಬಹುದು, ನಡುವೆ ಮುರಿಯಬಹುದು. ಬುಡದಿಂದ ಉದುರುವ ಕೂದಲಿಗೆ ಕಾರಣವನ್ನು ಹಿಂದಿನ ಮೂರು ತಿಂಗಳ ಡೈರಿಯಲ್ಲಿ ಹುಡುಕಿ. ಸಮಾಧಾನದ ವಿಷಯ ಅಂದ್ರೆ ಕಾರಣ ಹೋದರೆ ಈ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ನಿಲ್ಲುತ್ತೆ, ಕೂದಲು ವಾಪಸ್ ಬರುತ್ತೆ.

ನಾಣ್ಯದ ಹಾಗೆ ದುಂಡಗೆ, ನುಣ್ಣಗೆ ಒಂದೇ ಕಡೆ ಹೋದರೆ ಅದು ಬೇರೆ ಕಥೆ. "ಹುಳ ತಿಂದಿದೆ" ಅಂತಾರೆ. ಯಾವ ಹುಳವೂ ಇಲ್ಲ. ನಮ್ಮದೇ ರೋಗನಿರೋಧಕ ಶಕ್ತಿ ಕೂದಲ ಬುಡದ ಮೇಲೆ ತಿರುಗಿ ಬಿದ್ದಿರುತ್ತೆ. ಅಲೋಪೇಶಿಯಾ ಏರಿಯೇಟಾ ಅಂತ ಇದರ ಹೆಸರು. ಬೆಳ್ಳುಳ್ಳಿ, ಈರುಳ್ಳಿ ಉಜ್ಜಿ ಚರ್ಮ ಸುಟ್ಟುಕೊಂಡು ಬರುವವರಿದ್ದಾರೆ. ಅದು ಬೇಡ, ಇದಕ್ಕೆ ಔಷಧಿ ಇದೆ. ಜಡೆಯನ್ನು, ತುರುಬನ್ನು ವರ್ಷಗಟ್ಟಲೆ ಬಿಗಿಯಾಗಿ ಎಳೆದು ಕಟ್ಟುವವರಿಗೆ ಹಣೆಯಂಚು, ಕಿವಿಯ ಮೇಲ್ಭಾಗ ಬರಿದಾಗುತ್ತೆ. ಅದಕ್ಕೆ ಮೊದಲ ಔಷಧಿ, ಸಡಿಲ ಬಿಡೋದು.

ಈಗ ನನ್ನ ತಲೆ. ಡಾಕ್ಟರ್ ಬೆರಳ ನಡುವೆ ಐವತ್ತು ಅರವತ್ತು ಕೂದಲು ಹಿಡಿದು ಮೆಲ್ಲಗೆ ಎಳೆದರು. ಎರಡು ಬಂದವು. ಆರಕ್ಕಿಂತ ಹೆಚ್ಚು ಬಂದರೆ ಚುರುಕಾಗಿ ಉದುರುತ್ತಿದೆ ಅಂತ ಅರ್ಥವಂತೆ. ಆಮೇಲೆ ಡರ್ಮೋಸ್ಕೋಪ್ ಅನ್ನೋ ಬೆಳಕಿನ ಭೂತಕನ್ನಡಿ ಇಟ್ಟು ಪರದೆಯ ಮೇಲೆ ನನಗೇ ತೋರಿಸಿದರು. ನೆತ್ತಿಯಲ್ಲಿ ದಪ್ಪ ಕೂದಲ ಪಕ್ಕದಲ್ಲೇ ಎಳೆ ಮಗುವಿನ ಕೂದಲಿನಂಥ ತೆಳು ಎಳೆಗಳು. ತಲೆಯ ಹಿಂಭಾಗದಲ್ಲಿ ಎಲ್ಲವೂ ಒಂದೇ ದಪ್ಪ. ಅದು ವಂಶಪಾರಂಪರ್ಯದ ಬೋಳು ಅನ್ನೋದಕ್ಕೆ ಗುರುತು. ಡಿಎಚ್‌ಟಿ ಅನ್ನೋ ಹಾರ್ಮೋನಿಗೆ ಅಲ್ಲಿನ ಬುಡಗಳು ಸೂಕ್ಷ್ಮವಾಗಿ, ಪ್ರತಿ ಸುತ್ತಿನಲ್ಲೂ ಕೂದಲು ಇನ್ನಷ್ಟು ಸಣ್ಣಗಾಗುತ್ತಾ ಹೋಗುತ್ತೆ. ಇದಕ್ಕೆ ಹಚ್ಚುವ ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡದ ಮಾತ್ರೆ. ತಿಂದವರ ಮೈಮೇಲೆ ಕೂದಲು ಬೆಳೆದಿದ್ದು ನೋಡಿ ತಲೆಗೆ ತಂದರು. ಅಮೆರಿಕದಲ್ಲಿ 1988ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಹಚ್ಚಿದ ಮೊದಲ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು. ಬಿಟ್ಟರೆ ಸಿಕ್ಕ ಲಾಭ ಕೆಲವು ತಿಂಗಳಲ್ಲಿ ಹೋಗುತ್ತೆ. ಇದನ್ನು ಮೊದಲೇ ಹೇಳದಿದ್ದರೆ ಜನ ಒಂದೇ ತಿಂಗಳಿಗೆ ಎಸೀತಾರೆ.

ಹಿಮೋಗ್ಲೋಬಿನ್, ಕಬ್ಬಿಣಾಂಶ ತಿಳಿಸುವ ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರು. ಬರೆಯುವ ಮುಂಚೆ, "ಬಯೋಟಿನ್ ತಗೋತಿದ್ದೀರಾ?" ಅಂದರು. ಹೌದು ಅಂದೆ. "ಹಾಗಿದ್ರೆ ನಿಲ್ಲಿಸಿ, ಕೆಲವು ದಿನ ಬಿಟ್ಟು ರಕ್ತ ಕೊಡಿ." ಹೆಚ್ಚಿನ ಪ್ರಮಾಣದ ಬಯೋಟಿನ್ ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸುತ್ತೆ. ಥೈರಾಯ್ಡ್ ಅಷ್ಟೇ ಅಲ್ಲ, ಹೃದಯಾಘಾತ ಗುರುತಿಸುವ ಟ್ರೋಪೋನಿನ್ ಪರೀಕ್ಷೆ ಕೂಡ. ಅಮೆರಿಕದ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಅಂದ್ರೆ ಕೂದಲಿಗೆ ಅಂತ ನುಂಗಿದ ಗುಳಿಗೆ, ಕೂದಲು ಯಾಕೆ ಹೋಗ್ತಿದೆ ಅಂತ ಹುಡುಕುವ ದಾರಿಯನ್ನೇ ತಪ್ಪಿಸಬಹುದು.

ಕಾರಣ ಹುಡುಕುವ ಮಾತು ಬಂದಾಗ ಒಂದು ತಪ್ಪೊಪ್ಪಿಗೆ ಮಾಡಲೇಬೇಕು. 2025ರ ಜನವರಿ. ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಶೇಗಾಂವ್ ಸುತ್ತಲಿನ ಹಳ್ಳಿಗಳಲ್ಲಿ ಜನರ ಕೂದಲು ಕೆಲವೇ ದಿನಗಳಲ್ಲಿ ಹೋಗಿ ಬೋಳಾದರು. ಹೆಂಗಸರು, ಕಾಲೇಜು ಮಕ್ಕಳು, ಯಾರನ್ನೂ ಬಿಡಲಿಲ್ಲ. ಕೆಂಪು ಗ್ರಾಫಿಕ್ಸ್ ಹಾಕಿ 'ಬೋಳು ವೈರಸ್' ಅಂತ ಓದಿದವರಲ್ಲಿ ನಾನೂ ಒಬ್ಬ. ನೀರು ಅಂದೆವು, ಶಾಂಪೂ ಅಂದೆವು, ಫಂಗಸ್ ಅಂದೆವು. ಐಸಿಎಂಆರ್ ತಂಡ ಹೋಗಿ ಮಾದರಿ ಸಂಗ್ರಹಿಸಿತು. ಚೇಳಿನ ವಿಷಕ್ಕೆ ಚಿಕಿತ್ಸೆ ರೂಪಿಸಿ ಹೆಸರಾದ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್ ಅವರು ಆ ಹಳ್ಳಿಗಳ ರೇಷನ್ ಗೋಧಿಯನ್ನು, ಜನರ ರಕ್ತವನ್ನು ಪರೀಕ್ಷೆ ಮಾಡಿಸಿ, ಸೆಲೆನಿಯಂ ವಿಪರೀತ ಇದೆ ಅಂತ ವರದಿ ಮಾಡಿದರು. ಕೆಲ ತಿಂಗಳಾದ ಮೇಲೆ ಅಲ್ಲಿಂದ ಉಗುರು ಕಳಚುವ ಸುದ್ದಿಯೂ ಬಂತು. ಸೆಲೆನಿಯಂ ಅತಿಯಾದರೆ ಕೂದಲು, ಉಗುರು ಎರಡೂ ಹೋಗುತ್ತವೆ. ಆದರೆ ನಾವು ಆ ಹೊತ್ತಿಗೆ ಬೇರೆ ಬ್ರೇಕಿಂಗ್ ನ್ಯೂಸ್‌ಗೆ ಹೋಗಿಯಾಗಿತ್ತು. ವೈರಸ್ ಅಂತ ಹೇಳಿದ ಪರದೆಯಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅದು ವೈರಸ್ ಅಲ್ಲ ಅಂತ ನಾನು ಹೇಳಲಿಲ್ಲ. ಆ ಹಳ್ಳಿಗಳ ಜನರನ್ನು ಮುಟ್ಟೋಕೆ ಬೇರೆಯವರು ಹೆದರುತ್ತಿದ್ದರು ಅನ್ನೋದು ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತೆ.

ಮತ್ತೆ ಅಮ್ಮನ ವಿಷಯಕ್ಕೆ ಬರ್ತೀನಿ. ನನ್ನ ಗಂಟಿನ ಭಯ ಹೋದ ಮೇಲೆ, "ನಿನ್ನದೂ ಒಂದ್ಸಲ ತೋರಿಸಿಬಿಡೋಣ ಬಾ" ಅಂತ ಅಮ್ಮನನ್ನು ಬೆಂಗಳೂರಿಗೆ ಕರೆಸಿದೆ. ಅದೇ ಡಾಕ್ಟರ್ ಎರಡು ಗಂಟನ್ನೂ ಮುಟ್ಟಿ ನೋಡಿ ಏನೂ ಇಲ್ಲ ಅಂದರು. ನಾನು ಎದ್ದು ನಿಂತೆ. ಅವರು ಮಾತ್ರ ಅಮ್ಮನ ಮುಖವನ್ನೇ ನೋಡುತ್ತಿದ್ದರು. "ಅಮ್ಮಾ, ನಿಮ್ಮ ಹುಬ್ಬು ಯಾವಾಗಿಂದ ತೆಳ್ಳಗಾಯ್ತು?" ಅಮ್ಮ ತಲೆ ತಗ್ಗಿಸಿದಳು. "ಮೂರ್ನಾಲ್ಕು ವರ್ಷ ಆಯ್ತು. ಕಾಡಿಗೇಲಿ ತಿದ್ದುಕೋತೀನಿ."

ಡಾಕ್ಟರ್ ಹಳೇ ಫೋಟೋ ಕೇಳಿದರು. ಮೊಬೈಲಲ್ಲಿ ನನ್ನ ಮದುವೆಯ ಫೋಟೋ ಇತ್ತು. ಅದನ್ನೂ ಅಮ್ಮನ ಮುಖವನ್ನೂ ನೋಡಿದೆ. ಅಮ್ಮನ ಕೂದಲ ಗೆರೆ ಎರಡು ಬೆರಳಷ್ಟು ಹಿಂದೆ ಹೋಗಿತ್ತು. ಇದನ್ನು ನಾನು ಗಮನಿಸಿರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಹೋದ ಯುಗಾದಿಗೆ, "ಅಮ್ಮಾ, ಹಣೆ ಅಗಲ ಆಗ್ತಿದೆ, ಅದೃಷ್ಟ ಬರುತ್ತೆ ಬಿಡು" ಅಂತ ತಮಾಷೆ ಮಾಡಿದ್ದೆ. ಅಮ್ಮ ನಕ್ಕಿದ್ದಳು. ಅವತ್ತಿನಿಂದ ಮುಂದಿನ ಕೂದಲನ್ನು ಹಣೆಗೆ ಬರುವ ಹಾಗೆ ಬಾಚುವುದನ್ನು ಶುರುಮಾಡಿದ್ದಳು ಅಂತ ಆಮೇಲೆ ನನ್ನ ಹೆಂಡತಿ ಹೇಳಿದಳು.

ಅದರ ಹೆಸರು ಫ್ರಂಟಲ್ ಫೈಬ್ರೋಸಿಂಗ್ ಅಲೋಪೇಶಿಯಾ. 1994ರಲ್ಲಿ ಆಸ್ಟ್ರೇಲಿಯಾದ ಸ್ಟೀವನ್ ಕೊಸ್ಸಾರ್ಡ್ ಅನ್ನೋ ವೈದ್ಯರು ಮೊದಲು ವಿವರಿಸಿದ್ದು. ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಲ್ಲಿ ಬರುತ್ತೆ. ಹಣೆಯಂಚಿನ ಕೂದಲ ಬುಡಗಳ ಸುತ್ತ ಉರಿಯೂತ ಶುರುವಾಗಿ, ಬುಡವೇ ಸತ್ತು, ಆ ಜಾಗದಲ್ಲಿ ಕಲೆ ಕಟ್ಟುತ್ತೆ. ಎಷ್ಟೋ ಜನರಲ್ಲಿ ಹುಬ್ಬು ಮೊದಲೇ ಹೋಗಿರುತ್ತೆ. ಉಳಿದ ಉದುರುವಿಕೆಗೂ ಇದಕ್ಕೂ ಇರುವ ವ್ಯತ್ಯಾಸ ಇದು: ನನ್ನ ತಲೆಯಲ್ಲಿ ಬುಡ ಸಣ್ಣಗಾಗಿದೆ, ಆದರೆ ಇದೆ. ಜ್ವರದಲ್ಲಿ ಉದುರಿದರೆ ಬುಡ ನಿದ್ದೆ ಮಾಡುತ್ತಿರುತ್ತೆ, ಏಳುತ್ತೆ. ಕಲೆ ಕಟ್ಟುವ ಈ ಜಾತಿಯಲ್ಲಿ ಬುಡವೇ ಇರಲ್ಲ. ಭೂತಕನ್ನಡಿಯಲ್ಲಿ ನೋಡಿದರೆ ಕೂದಲ ರಂಧ್ರಗಳೇ ಕಾಣದೆ ಚರ್ಮ ನುಣ್ಣಗೆ ಹೊಳೆಯುತ್ತೆ. ಹೋಗಿದ್ದು ಹೋಯಿತು. ಉಳಿದಿರುವುದನ್ನು ಉಳಿಸಿಕೊಳ್ಳೋದಷ್ಟೇ ಚಿಕಿತ್ಸೆ. ಅದು ಗೊತ್ತಾಗದೆ ಮಿನಾಕ್ಸಿಡಿಲ್ ಒಂದನ್ನೇ ಹಚ್ಚಿಕೊಂಡು ಕೂತರೆ ಕಾಲ ಹೋಗುತ್ತೆ. ಉರಿಯೂತ ಇರುವಾಗಲೇ ಟ್ರಾನ್ಸ್‌ಪ್ಲಾಂಟ್ ಮಾಡಿಸಿದರೆ ನೆಟ್ಟ ಕೂದಲೂ ಹೋಗುತ್ತೆ.

ಅನುಮಾನ ಪರಿಹರಿಸೋಕೆ ಬಯಾಪ್ಸಿ ಮಾಡಿದರು. 4 ಮಿಲಿಮೀಟರ್ ಅಗಲದ ಚರ್ಮದ ತುಣುಕು, ಒಂದು ಹೊಲಿಗೆ. ತೆಗೆದಿದ್ದು ಬೋಳಾದ ಜಾಗದಿಂದಲ್ಲ, ಕೂದಲು ಇನ್ನೂ ಇರುವ ಅಂಚಿನಿಂದ. ಸತ್ತ ಜಾಗದಲ್ಲಿ ಸಾಕ್ಷಿ ಸಿಗಲ್ಲ, ರೋಗ ನಡೆಯುತ್ತಿರುವ ಜಾಗದಲ್ಲಿ ಸಿಗುತ್ತೆ. ವರದಿ ಅವರ ಊಹೆಯನ್ನೇ ಹೇಳಿತು. ಹಣೆಯಂಚಿಗೆ ಸ್ಟಿರಾಯ್ಡ್ ಇಂಜೆಕ್ಷನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ, ಅದಕ್ಕಾಗಿ ಕಣ್ಣಿನ ಪರೀಕ್ಷೆ. ಹುಬ್ಬುಗಳ ನಡುವಿನಿಂದ ಕೂದಲ ಗೆರೆಯವರೆಗೆ ಟೇಪ್ ಹಿಡಿದು ಅಳತೆ ಬರೆದಿಟ್ಟುಕೊಂಡರು. ಒಂದು ವರ್ಷ ಆಯಿತು. ಅಳತೆ ಅಲ್ಲೇ ನಿಂತಿದೆ. ಹೋದ ಎರಡು ಬೆರಳು ಮಾತ್ರ ವಾಪಸ್ ಬರಲ್ಲ. ಯುಗಾದಿಯ ತಮಾಷೆಯ ದಿನವೇ ಕರೆದುಕೊಂಡು ಹೋಗಿದ್ದರೆ ಒಂದು ಬೆರಳಾದರೂ ಉಳೀತಿತ್ತೇನೋ.

ನನ್ನ ಬಟಾಣಿ ಗಾತ್ರದ ಗಂಟಿಗೆ ರಾತ್ರಿಯಿಡೀ ನಿದ್ದೆಗೆಟ್ಟೆ. ಅದು ಏನೂ ಅಲ್ಲ. ಅಮ್ಮನ ಹಣೆ ಕಣ್ಣೆದುರೇ ಇತ್ತು, ಅದಕ್ಕೆ ವಯಸ್ಸಾಯ್ತು ಅಂದುಕೊಂಡೆ. ಸಮಯ ಇಲ್ಲದ ಕಾಯಿಲೆ ಅದೇ ಆಗಿತ್ತು.

ಹಾಗಾಗಿ ನನ್ನ ವಿನಂತಿ ಇಷ್ಟೇ. ಕೂದಲು ಯಾವಾಗಿಂದ ಹೋಗ್ತಿದೆ, ಎಲ್ಲೆಲ್ಲಿ ಹೋಗ್ತಿದೆ, ಅಲ್ಲಿ ಉರಿ, ತುರಿಕೆ, ಕೆಂಪು ಇದೆಯಾ, ಮೂರು ತಿಂಗಳ ಹಿಂದೆ ಏನಾಗಿತ್ತು, ಮನೆಯಲ್ಲಿ ಯಾರಿಗಿದೆ, ಯಾವ ಮಾತ್ರೆ ನುಂಗ್ತಿದ್ದೀರಿ, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಒಂದು ಹಳೇ ಫೋಟೋ ಹಿಡಿದು ಚರ್ಮರೋಗ ತಜ್ಞರ ಹತ್ತಿರ ಹೋಗಿ. ತಲೆ ನೋಡದೆ ಗ್ರಾಫ್ಟ್ ಲೆಕ್ಕ ಹೇಳುವವರ ಫೋನ್ ಇಟ್ಟುಬಿಡಿ.

ಇವತ್ತು ಟಿವಿ ಆಫ್ ಮಾಡಿದ ಮೇಲೆ ಇನ್ನೊಂದು ಕೆಲಸ ಮಾಡಿ. ಅಮ್ಮನನ್ನೋ, ಅಜ್ಜಿಯನ್ನೋ ಹತ್ತಿರ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ. ಎಣ್ಣೆಯಿಂದ ಕೂದಲು ಬರಲ್ಲ, ಅದು ನನಗೂ ಗೊತ್ತು. ಹಚ್ಚುವಾಗ ಬೆರಳಿಗೆ ಏನಾದರೂ ಸಿಗಬಹುದು, ಕಣ್ಣಿಗೆ ಏನಾದರೂ ಕಾಣಬಹುದು. ಅವರು ತಾವಾಗಿ ಹೇಳಲ್ಲ. ನಾವೇ ಕೇಳಬೇಕು.